ಡಿವಿಲಿಯರ್ಸ್ ಅಂದರೆ ‘ಮಜರೆಯವರು’

ಪ್ರಶ್ನೆ: ನಾನು ಆರ್‌ಸಿಬಿ ಅಭಿಮಾನಿ. ಎಬಿ ಡಿವಿಲಿಯರ್ಸ್, ಫಾಫ್ ಡು ಪ್ಲೆಸಿ ಇಬ್ಬರೂ ದಕ್ಷಿಣ ಆಫ್ರಿಕಾದವರು. ಹೆಸರು ಮಾತ್ರ ಫ್ರೆಂಚ್ ಥರ ಇದೆ. ಇದು ಹೇಗೆ? ಡಿವಿಲಿಯರ್ಸ್ ಅಂದರೆ ಅರ್ಥ ಏನು? ರಾಜಮನೆತನದ ಹೆಸರಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಫ್ರೆಂಚ್ ಥರ ಅಲ್ಲ, ಫ್ರೆಂಚೇ. ಆದರೆ ರಾಜಮನೆತನದ್ದಲ್ಲ. ಬೇಜಾರಾಗಬೇಡಿ, ನಿಜವಾದ ಕಥೆ ಅದಕ್ಕಿಂತ ಚೆನ್ನಾಗಿದೆ.

ಮೊದಲು ಅರ್ಥ ನೋಡೋಣ. ರೋಮನ್ನರ ಕಾಲದಲ್ಲಿ ದೊಡ್ಡ ಜಮೀನು, ಅದರ ಮನೆ ಎಲ್ಲ ಸೇರಿ ‘ವಿಲ್ಲಾ’. ಅದಕ್ಕೆ ಅಂಟಿಕೊಂಡಂತೆ ಆಚೆಗಿದ್ದ ನಾಲ್ಕಾರು ಮನೆಗಳ ಜಾಗ ‘ವಿಲ್ಲಾರೆ’. ನಮ್ಮ ಕಂದಾಯದವರ ಮಾತಿನಲ್ಲಿ ಹೇಳುವುದಾದರೆ ಮಜರೆ. ಈ ವಿಲ್ಲಾರೆಯೇ ಸವೆದು ಸವೆದು ಫ್ರೆಂಚಿನಲ್ಲಿ ವಿಲಿಯೇ ಆಯಿತು. ‘ದ್’ ಅಂದರೆ ‘ಆ ಊರಿನ’ ಎಂದು. ಮೈಸೂರು ಸೀಮೆಯವರು ಹೆಸರಿನ ಮುಂದೆ ಊರಿನ ಇನಿಷಿಯಲ್ ಹಾಕಿಕೊಳ್ಳುತ್ತಾರಲ್ಲ, ಅದೇ ಲೆಕ್ಕ. ‘ದ್’ ಇದ್ದರೆ ಶ್ರೀಮಂತ ಕುಲ ಎಂಬ ನಂಬಿಕೆ ಫ್ರಾನ್ಸಿನಲ್ಲೇ ಜಾಸ್ತಿ. ಹೊಲ ಉಳುವವರ ಹೆಸರಿನಲ್ಲೂ ಅದು ಇರುತ್ತಿತ್ತು.

ಈ ಹೆಸರಿನ ಊರುಗಳು ಫ್ರಾನ್ಸಿನಲ್ಲಿ ಬೇಕಾದಷ್ಟಿವೆ. ವಿಲಿಯೇ, ವಿಲೇ, ವಿಲಾರ್ ಎಲ್ಲ ಒಂದೇ ಬಳ್ಳಿಯ ಕಾಯಿ. 1539ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ ಒಂದು ದೊಡ್ಡ ಕಾಯ್ದೆ ಹೊರಡಿಸಿದ. ಕಾನೂನಿನ ಕಾಗದಪತ್ರ ಫ್ರೆಂಚಿನಲ್ಲಿರಬೇಕು, ಮಕ್ಕಳ ದೀಕ್ಷಾಸ್ನಾನವನ್ನು ಚರ್ಚಿನವರು ಬರೆದಿಡಬೇಕು ಅಂತ. ಮನೆತನದ ಹೆಸರುಗಳು ಗಟ್ಟಿಯಾಗಿ ಕೂತದ್ದಕ್ಕೆ ಇದೂ ಒಂದು ಕಾರಣ. ಆ ಕಾಯ್ದೆ ಹೊರಟ ಊರಿನ ಹೆಸರು ವಿಲೇ-ಕೋತ್ರೇ. ಅಲ್ಲೂ ಅದೇ ಮಜರೆ!

ಇನ್ನು ಆಫ್ರಿಕಾ ಸೇರಿದ್ದು. 1685ರಲ್ಲಿ ಹದಿನಾಲ್ಕನೇ ಲೂಯಿ ಪ್ರಾಟೆಸ್ಟೆಂಟರಿಗೆ 1598ರಿಂದ ಇದ್ದ ರಕ್ಷಣೆಯನ್ನು ಕಿತ್ತುಹಾಕಿದ. ಇವರನ್ನು ಹ್ಯೂಗೆನಾಟರು ಎನ್ನುತ್ತಾರೆ. ಚರ್ಚು ಕೆಡವಿದರು, ಪಾದ್ರಿಗಳನ್ನು ಹೊರಗಟ್ಟಿದರು. ಉಳಿದವರು ದೇಶ ಬಿಡುವ ಹಾಗೂ ಇಲ್ಲ. ಓಡುವಾಗ ಸಿಕ್ಕಿಬಿದ್ದ ಗಂಡಸರಿಗೆ ದೊರೆಯ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆ. ಹಾಗಿದ್ದೂ ಲಕ್ಷಕ್ಕೂ ಹೆಚ್ಚು ಜನ ತಪ್ಪಿಸಿಕೊಂಡರು. ಬಹಳ ಮಂದಿ ಹಾಲೆಂಡಿಗೆ ಹೋದರು.

ಹಾಲೆಂಡಿನ ಈಸ್ಟ್ ಇಂಡಿಯಾ ಕಂಪನಿಗೆ ಆಗ ಬೇರೆಯದೇ ತಲೆನೋವು. 1652ರಲ್ಲಿ ಆಫ್ರಿಕಾದ ತುದಿಯ ಕೇಪ್‌ನಲ್ಲಿ ತಂಗುದಾಣ ಮಾಡಿಕೊಂಡಿತ್ತು. ಇಂಡಿಯಾ, ಜಾವಾ ಕಡೆ ಹೋಗುವ ಹಡಗುಗಳಿಗೆ ಅಲ್ಲಿ ತರಕಾರಿ, ಮಾಂಸ, ವೈನ್ ಬೇಕಿತ್ತು. ಡಚ್ಚರಿಗೆ ದ್ರಾಕ್ಷಿ ಬೇಸಾಯ ಅಷ್ಟಕ್ಕಷ್ಟೇ. ಮನೆಮಠ ಕಳೆದುಕೊಂಡ ಫ್ರೆಂಚರ ಪೈಕಿ ಅದು ಗೊತ್ತಿದ್ದವರಿದ್ದರು. ಪ್ರಯಾಣ ಪುಕ್ಕಟೆ, ಅಲ್ಲಿ ಜಮೀನು ಕೊಡ್ತೀವಿ, ಆದರೆ ಐದು ವರ್ಷ ತುಂಬುವ ತನಕ ಅಲ್ಲಿಂದ ವಾಪಸ್ ಬರುವಂತಿಲ್ಲ ಎಂದು ಕಂಪನಿ ಕರಾರು ಹಾಕಿತು. 1688–89ರಲ್ಲಿ ಹೀಗೆ ಹೋದವರು ಹೆಚ್ಚೆಂದರೆ ಇನ್ನೂರು ಜನ.

1689ರ ಮೇ ತಿಂಗಳಲ್ಲಿ ‘ಜಯನ್’ ಎಂಬ ಹಡಗು ಕೇಪ್ ಮುಟ್ಟಿತು. ಅದರಲ್ಲಿ ಮೂವರು ಅಣ್ಣತಮ್ಮಂದಿರು: ಪಿಯೇರ್, ಅಬ್ರಹಾಂ, ಜಾಕೋಬ್ ದ್ ವಿಲಿಯೇ. ಲಾ ರೊಶೆಲ್ ಕಡೆಯವರು. ಅವರಿಗಾಗಿ ಕಂಪನಿಯ ಡೆಲ್ಫ್ಟ್ ಶಾಖೆ ಕೇಪ್‌ನ ಅಧಿಕಾರಿಗಳಿಗೆ ಒಂದು ಶಿಫಾರಸು ಪತ್ರ ಬರೆದಿತ್ತು. ಮೂವರಿಗೂ ದ್ರಾಕ್ಷಿ ತೋಟ ಹಾಕುವುದು, ನೋಡಿಕೊಳ್ಳುವುದು ಚೆನ್ನಾಗಿ ಗೊತ್ತು, ಇವರಿಗೆ ಕೈ ಆಸರೆ ಕೊಡಿ ಎನ್ನುವುದು ಅದರ ಸಾರ. ಕುಲದ ಮಾತು, ಬಿರುದು ಏನೂ ಇಲ್ಲ. ಬರೀ ದ್ರಾಕ್ಷಿ.

ಅವರು ನೆಲೆ ನಿಂತದ್ದು ಕೇಪ್‌ಟೌನಿನಿಂದ ಒಳಗೆ, ಬೆಟ್ಟಗಳ ನಡುವಿನ ಕಣಿವೆಯಲ್ಲಿ. ಮೊದಲು ಅದನ್ನು ‘ಆನೆ ಮೂಲೆ’ ಎನ್ನುತ್ತಿದ್ದರು. ಫ್ರೆಂಚರು ತುಂಬಿಕೊಂಡ ಮೇಲೆ ‘ಫ್ರಾನ್ಸ್‌ಹುಕ್’ ಆಯಿತು, ಅಂದರೆ ಫ್ರೆಂಚರ ಮೂಲೆ. ಅಣ್ಣತಮ್ಮಂದಿರ ತೋಟಗಳ ಹೆಸರು ಬುರ್ಗೋನ್, ಶಾಂಪೇನ್, ಲಾ ಬ್ರಿ. ಮೂರೂ ಫ್ರಾನ್ಸಿನ ಸೀಮೆಗಳ ಹೆಸರು. ಬಿಟ್ಟು ಬಂದ ನಾಡನ್ನು ಜಮೀನಿನ ಮೇಲೆ ಬರೆದುಕೊಂಡರು ಅನ್ನಿ. ಅಬ್ರಹಾಂ 1715ರಲ್ಲಿ ಬೊಶೆಂಡಾಲ್ ಎಂಬ ಇನ್ನೊಂದು ತೋಟ ಕೊಂಡರು. ಅದು 1879ರವರೆಗೂ ಅದೇ ಮನೆತನದ ಕೈಯಲ್ಲಿತ್ತು. ಇವತ್ತಿಗೂ ಅಲ್ಲಿ ವೈನ್ ಮಾಡುತ್ತಾರೆ.

ನಿಮ್ಮ ಎಬಿಯ ಪೂರ್ತಿ ಹೆಸರು ಅಬ್ರಹಾಂ ಬೆಂಜಮಿನ್. ಆ ಅಬ್ರಹಾಂ ನೋಡಿ ಸುಮ್ನೆ ನೇರ ಗೆರೆ ಎಳೆಯಬೇಡಿ. ತಾತನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಅವರಲ್ಲೂ ಇದೆ. ಹೀಗಾಗಿ ನಾಲ್ಕೈದು ಹೆಸರುಗಳೇ ಮನೆಮನೆ ಸುತ್ತುತ್ತಿರುತ್ತವೆ.

ಡು ಪ್ಲೆಸಿ ಕಥೆಯೂ ಹೀಗೇ. ಪ್ವಾತಿಯೇ ಊರಿನ ಜಾನ್ ಪ್ರಿಯೂರ್ ಡು ಪ್ಲೆಸಿ ಎಂಬ ಶಸ್ತ್ರವೈದ್ಯ 1688ರಲ್ಲಿ ಬಂದಿಳಿದ. ‘ಪ್ಲೆಸಿ’ ಅಂದರೆ ಕೊಂಬೆ ಹೆಣೆದು ಕಟ್ಟಿದ ಬೇಲಿ, ಅದರ ಒಳಗಿನ ಜಾಗ. ಒಬ್ಬರು ಮಜರೆಯವರು, ಇನ್ನೊಬ್ಬರು ಬೇಲಿಯವರು. ಇಬ್ಬರೂ ಚಿನ್ನಸ್ವಾಮಿಯಲ್ಲಿ ಬೌಂಡರಿ ಆಚೆ ಹೊಡೆದವರು.

ಪ್ರಶ್ನೆ: ಹೆಸರು ಉಳಿಯಿತು, ಭಾಷೆ ಯಾಕೆ ಉಳಿಯಲಿಲ್ಲ? ಅಲ್ಲಿ ಈಗ ಯಾರೂ ಫ್ರೆಂಚ್ ಮಾತಾಡುವುದಿಲ್ಲ ಅಲ್ವಾ?
– ಕನ್ನಡ ಅಧ್ಯಾಪಕಿ, ತುಮಕೂರು

ಉತ್ತರ: ಉಳಿಯದ ಹಾಗೆ ನೋಡಿಕೊಂಡರು. ಫ್ರೆಂಚರಿಗೆ ಒತ್ತಟ್ಟಿಗೆ ಜಮೀನು ಕೊಡದೆ ಡಚ್ಚರ ಮಧ್ಯೆ ಮಧ್ಯೆ ಹಂಚಿದರು. 1701ರಲ್ಲಿ ಮೇಲಿನಿಂದ ಅಪ್ಪಣೆ ಬಂತು: ಮಕ್ಕಳಿಗೆ ಪಾಠ ಡಚ್ಚಿನಲ್ಲೇ ಆಗಬೇಕು, ಡಚ್ ತಿಳಿಯದ ಮುದುಕರಿಗಷ್ಟೇ ಪಾದ್ರಿ ಫ್ರೆಂಚಿನಲ್ಲಿ ಹೇಳಬಹುದು. ಮದುವೆಗಳೂ ಅತ್ತಿತ್ತ ಆದವು. 1751ರಿಂದ ಎರಡು ವರ್ಷ ಕೇಪ್‌ನಲ್ಲಿದ್ದು ನಕ್ಷತ್ರ ಎಣಿಸಿದ ಫ್ರೆಂಚ್ ಖಗೋಳ ವಿಜ್ಞಾನಿ ಲಾ ಕೈಯ್ ನೋಡಿದಾಗ, ನಲವತ್ತರ ಒಳಗಿನವರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಎರಡು ತಲೆಮಾರು ಸಾಕಾಯಿತು. ಶಾಲೆಯ ಭಾಷೆ ಬದಲಾದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಭಾಷೆ ಹೋದ ಮೇಲೆ ಹೆಸರು ಡಚ್ ಗುಮಾಸ್ತರ ಕೈಗೆ ಬಿತ್ತು. ಕಿವಿಗೆ ಬಿದ್ದಂತೆ ಬರೆದುಕೊಂಡರು. ವಿಲಿಯೋನ್ ಹೋಗಿ ಫಿಲ್ಯೂನ್ ಆಯಿತು. ಪಿನಾರ್ ಅನ್ನುವವರು ಪೀನಾರ್ ಆದರು. ಕ್ರೋನಿಯೇ ಮನೆತನ ಕ್ರೋನ್ಯೆ ಆಯಿತು. ಹ್ಯಾನ್ಸಿ ಕ್ರೋನ್ಯೆಯನ್ನು ನಮ್ಮವರು ಮರೆತಿಲ್ಲ. ಹಾಲಿವುಡ್ ನಟಿ ಶಾರ್ಲಿಜ್ ಥೆರಾನ್ ಅವರ ಹೆಸರಿನ ಕೊನೆಯಲ್ಲಿ ಮೊದಲು ಒಂದು ‘ಡಿ’ ಇತ್ತು, ಉದುರಿಹೋಯಿತು. ಕೆಲವರದ್ದು ಅನುವಾದವೇ ಆಗಿಬಿಟ್ಟಿತು: ‘ಲ ಕ್ಲೇರ್’ ಹೋಗಿ ‘ಡ ಕ್ಲರ್ಕ್’. ಮಂಡೇಲಾ ಅವರನ್ನು ಬಿಡುಗಡೆ ಮಾಡಿದ ಅಧ್ಯಕ್ಷರ ಹೆಸರು ಅದೇ.

ಇವುಗಳ ನಡುವೆ ಡಿವಿಲಿಯರ್ಸ್ ಕಾಗದದ ಮೇಲೆ ಹೆಚ್ಚು ಕೆಡದೆ ಉಳಿದುಕೊಂಡಿತು. ಬಾಯಲ್ಲಿ ಉಳಿಯಲಿಲ್ಲ.

ಪ್ರಶ್ನೆ: ಡಿವಿಲಿಯರ್ಸ್ ಸರಿಯೋ, ಡಿ ವಿಲಿಯೇ ಸರಿಯೋ?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಫ್ರೆಂಚಿನಲ್ಲಿ ಕೊನೆಯ ‘ಸ್’ ಉಚ್ಚಾರವಿಲ್ಲ. ಡು ಪ್ಲೆಸಿ ಎನ್ನುವಾಗ ಕಾಮೆಂಟರಿಯವರು ಅದನ್ನು ನುಂಗುತ್ತಾರೆ, ಡಿವಿಲಿಯರ್ಸ್ ಎನ್ನುವಾಗ ಉಗುಳುತ್ತಾರೆ! ಕನ್ನಡ ಪತ್ರಿಕೆಗಳಲ್ಲಿ ಡಿವಿಲಿಯರ್ಸ್ ನಿಂತುಬಿಟ್ಟಿದೆ. ಹಾಗೇ ಬರೆಯಿರಿ.

ಪ್ರಶ್ನೆ: ದಕ್ಷಿಣ ಆಫ್ರಿಕಾದ ಡಿವಿಲಿಯರ್ಸ್‌ಗಳೆಲ್ಲ ಆ ಅಣ್ಣತಮ್ಮಂದಿರ ವಂಶದವರೇನಾ? ಪತ್ತೆ ಹಚ್ಚುವುದು ಹೇಗೆ?
– ನಿವೃತ್ತ ಗ್ರಾಮಲೆಕ್ಕಿಗರು, ಅರಸೀಕೆರೆ

ಉತ್ತರ: ನಿಮ್ಮಂಥವರಿಗೆ ಇಷ್ಟವಾಗುವ ಕೆಲಸ ಇದು. ಕೇಪ್‌ನ ಹಳೇ ಮನೆತನಗಳ ವಂಶಾವಳಿಯನ್ನು ಚರ್ಚಿನ ರಿಜಿಸ್ಟರುಗಳಿಂದ ಹೆಕ್ಕಿ ಕೂಡಿಸಿದವರು ಕ್ರಿಸ್ಟೋಫೆಲ್ ಕೂಟ್ಸಿಯ ಡಿವಿಲಿಯರ್ಸ್. ಹೌದು, ಅವರೂ ಅದೇ ಮನೆತನ. 1887ರಲ್ಲಿ ತೀರಿಕೊಂಡರು. ಅವರ ಕೆಲಸ 1893–94ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆಮೇಲೆ ಪಾಮಾ ಎಂಬವರು ಅದನ್ನು ತಿದ್ದಿ ಬೆಳೆಸಿದರು. ಅದರಲ್ಲಿ ಗುರುತು ಹಾಕುವ ಲೆಕ್ಕ ಹೀಗೆ: ಮೊದಲು ಬಂದವನು ‘ಎ’, ಅವನ ಮಕ್ಕಳು ‘ಬಿ’, ಮೊಮ್ಮಕ್ಕಳು ‘ಸಿ’. ಅಕ್ಷರದ ಪಕ್ಕದ ಅಂಕಿ ಎಷ್ಟನೇ ಮಗು ಎಂದು ಹೇಳುತ್ತದೆ. ‘ಬಿ4 ಸಿ2 ಡಿ1’ ಎಂದಿದ್ದರೆ ನಾಲ್ಕನೇ ಮಗುವಿನ ಎರಡನೇ ಮಗುವಿನ ಮೊದಲ ಮಗು. ನಮ್ಮ ಸರ್ವೆ ನಂಬರು, ಹಿಸ್ಸಾ ನಂಬರು ಇದ್ದಂತೆ. ಅಲ್ಲಿನ ವಂಶಾವಳಿಯವರು ಈಗಲೂ ಇದನ್ನೇ ಬಳಸುತ್ತಾರೆ.

ಈ ಹೆಸರಿನವರು ದೊಡ್ಡ ದೊಡ್ಡ ಕಡೆ ಕೂತಿದ್ದಾರೆ. 1910ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟವಾದಾಗ ಮೊದಲ ಮುಖ್ಯ ನ್ಯಾಯಮೂರ್ತಿ ಜಾನ್ ಹೆನ್ರಿ ಡಿವಿಲಿಯರ್ಸ್. ಈಗಿನ ರಾಷ್ಟ್ರಗೀತೆಯ ಆಫ್ರಿಕಾನ್ಸ್ (ಡಚ್ಚಿನಿಂದ ಹುಟ್ಟಿದ ಅಲ್ಲಿನ ಭಾಷೆ) ಭಾಗಕ್ಕೆ 1921ರಲ್ಲಿ ರಾಗ ಹಾಕಿದ್ದು ಮಾರ್ಟಿನಸ್ ಡಿವಿಲಿಯರ್ಸ್ ಎಂಬ ಪಾದ್ರಿ.

ಆದರೆ ‘ಎಲ್ಲರೂ ಅದೇ ವಂಶವಾ’ ಎನ್ನುವ ಪ್ರಶ್ನೆಗೆ ರಿಜಿಸ್ಟರು ಅರ್ಧ ಉತ್ತರ ಕೊಡುತ್ತದೆ. ಡಿವಿಲಿಯರ್ಸ್ ಹೆಸರು ಬಿಳಿಯರದ್ದಷ್ಟೇ ಅಲ್ಲ. 2008ರಲ್ಲಿ ದಕ್ಷಿಣ ಆಫ್ರಿಕಾ ರಗ್ಬಿ ತಂಡಕ್ಕೆ ಮೊದಲ ಬಾರಿ ಬಿಳಿಯರಲ್ಲದ ಕೋಚ್ ಬಂದರು. ಅವರ ಹೆಸರು ಪೀಟರ್ ಡಿವಿಲಿಯರ್ಸ್. ಆ ದ್ರಾಕ್ಷಿ ತೋಟಗಳನ್ನು ಅಣ್ಣತಮ್ಮಂದಿರು ಒಬ್ಬರೇ ಅಗೆಯಲಿಲ್ಲ, ಗುಲಾಮರೂ ದುಡಿದರು. ಕೇಪ್‌ಗೆ ಗುಲಾಮರನ್ನು ಮಡಗಾಸ್ಕರ್‌ನಿಂದ ತಂದರು, ಜಾವಾ ಕಡೆಯಿಂದ ತಂದರು. ಬಂಗಾಳ, ಮಲಬಾರ್, ಕೋರಮಂಡಲದಿಂದಲೂ ತಂದರು.

ಅವರ ಹೆಸರುಗಳನ್ನು ನೋಡಿ. 1657ರಲ್ಲಿ ಕೇಪ್‌ಗೆ ತಂದ ಒಬ್ಬ ಹೆಣ್ಣುಮಗಳು ಕಾಗದಗಳಲ್ಲಿ ‘ಆಂಜೆಲಾ ಫನ್ ಬೆಂಗಾಲೆನ್’ ಎಂದಿದ್ದಾಳೆ. ಬಂಗಾಳದ ಆಂಜೆಲಾ. ಅವಳ ಅಪ್ಪ ಅಮ್ಮ ಇಟ್ಟ ಹೆಸರು ಅದಾಗಿರಲಿಕ್ಕಿಲ್ಲ. 1666ರಲ್ಲಿ ಬಿಡುಗಡೆಯಾದಳು, 1669ರಲ್ಲಿ ಬಸ್ಸನ್ ಎಂಬ ಯುರೋಪಿನವನನ್ನು ಮದುವೆಯಾದಳು. ದಕ್ಷಿಣ ಆಫ್ರಿಕಾದ ಎಷ್ಟೋ ಬಿಳಿಯರ ವಂಶಾವಳಿ ಹಿಂದಕ್ಕೆ ಹೋದರೆ ಅವಳ ಬಳಿ ಮುಟ್ಟುತ್ತದೆ.

ಡಚ್ಚಿನ ‘ಫನ್’ ಮತ್ತು ಫ್ರೆಂಚಿನ ‘ದ್’ ಎರಡರ ಅರ್ಥವೂ ಒಂದೇ: ಆ ಊರಿನವರು. ಮೂವರು ಅಣ್ಣತಮ್ಮಂದಿರು ತಮ್ಮ ‘ದ್’ ಅನ್ನು ತಾವೇ ಹೊತ್ತುಕೊಂಡು ಬಂದರು. ಆಂಜೆಲಾಳ ‘ಫನ್’ ಅನ್ನು ಕೊಂಡವರು ಬರೆದರು.