ಒಟ್ಟು ಮಿತಿಯೊಂದೇ ಏಕೆ ಸಾಲದು

ಹಿಡಿಯಬಹುದಾದ ಮೀನಿನ ಒಟ್ಟು ಪ್ರಮಾಣಕ್ಕೆ ಮಿತಿ ಹಾಕಿದ ಮೇಲೂ ಅದನ್ನು ಮೀನುಗಾರರಿಗೆ ಪಾಲಾಗಿ ಹಂಚುವ ಅಗತ್ಯವೇನು ಎಂದು ತಾವು ಕೇಳಿದ್ದೀರಿ. ಮಿತಿಯು ಮೀನಿನ ಸಂತತಿಯನ್ನು ಉಳಿಸಬಹುದು, ಆದರೆ ಮೀನುಗಾರಿಕೆಯ ಲಾಭವನ್ನು ಉಳಿಸಲಾರದು. ನೀರಿನಲ್ಲಿರುವ ಮೀನಿಗೆ ಒಡೆಯನಿಲ್ಲ. ಆದ್ದರಿಂದ ತಾನು ಇಂದು ಬಿಟ್ಟದ್ದನ್ನು ನಾಳೆ ಮತ್ತೊಬ್ಬ ಹಿಡಿಯುತ್ತಾನೆಂದು ಬಲ್ಲ ಪ್ರತಿಯೊಬ್ಬನೂ ಇನ್ನೂ ದೊಡ್ಡ ದೋಣಿಗೆ, ಇನ್ನೂ ಬಲವಾದ ಎಂಜಿನ್ನಿಗೆ ಹಣ ಸುರಿಯುತ್ತಾನೆ, ಮತ್ತು ಒಟ್ಟು ವೆಚ್ಚವು ಒಟ್ಟು ಆದಾಯಕ್ಕೆ ಸಮನಾಗುವವರೆಗೆ ಈ ಪೈಪೋಟಿ ನಿಲ್ಲುವುದಿಲ್ಲ. ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ 1954ರಲ್ಲಿಯೇ ಇದನ್ನು ವಿವರಿಸಿದ್ದರು.

ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಹ್ಯಾಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನಿನ ಮೀನುಗಾರಿಕೆಗೆ ಒಟ್ಟು ಮಿತಿಯಿತ್ತು, ಪಾಲಿರಲಿಲ್ಲ. 1990ರ ದಶಕದ ಆರಂಭದ ವೇಳೆಗೆ ಪೈಪೋಟಿಯಲ್ಲಿ ಮಿತಿ ಬೇಗನೆ ಮುಗಿದುಹೋಗುತ್ತಿದ್ದರಿಂದ ಪ್ರಮುಖ ವಲಯಗಳಲ್ಲಿ ಇಡೀ ವರ್ಷದ ಹಂಗಾಮು ಎರಡು ಮೂರು ದಿನಗಳಿಗೆ ಕುಗ್ಗಿತ್ತು. ಹವಾಮಾನ ಕೆಟ್ಟಿದ್ದರೂ ದೋಣಿಗಳು ಹೊರಡುತ್ತಿದ್ದವು, ಮೀನು ಒಮ್ಮೆಲೇ ದಡಕ್ಕೆ ಬಂದು ಬಹುಪಾಲು ಶೈತ್ಯಾಗಾರ ಸೇರುತ್ತಿತ್ತು. 1995ರಲ್ಲಿ ವೈಯಕ್ತಿಕ ಪಾಲು ಜಾರಿಯಾದಾಗ ಹಂಗಾಮು ಸುಮಾರು ಎಂಟು ತಿಂಗಳಿಗೆ ಹಿಗ್ಗಿತು, ತಾಜಾ ಮೀನಿನ ಮಾರುಕಟ್ಟೆಯೂ ತೆರೆಯಿತು. ತನ್ನ ಪಾಲನ್ನು ಮತ್ತೊಬ್ಬ ಹಿಡಿಯಲಾರನಾದ್ದರಿಂದ ಅವಸರಕ್ಕೆ ಕಾರಣವೇ ಉಳಿಯಲಿಲ್ಲವೆನ್ನಿ.

ಹಾಗೆಂದು ಪಾಲುಪದ್ಧತಿ ನಿರ್ದೋಷಿಯಲ್ಲ. ಸಣ್ಣ ಮೀನನ್ನು ಸಮುದ್ರಕ್ಕೆಸೆದು ಬೆಲೆಬಾಳುವುದನ್ನಷ್ಟೇ ತರುವ ಪ್ರಲೋಭನೆ ಇದ್ದೇ ಇರುತ್ತದೆ. ಅದನ್ನು ತಡೆಯಲು ಮೇಲ್ವಿಚಾರಣೆ ಬೇಕು, ಮೇಲ್ವಿಚಾರಣೆಗೆ ಹಣ ಬೇಕು. ನನಗೆ ಹೆಚ್ಚು ಕಾಡುವುದು ಮೊದಲ ಹಂಚಿಕೆ: ಹಿಂದೆ ಹೆಚ್ಚು ಹಿಡಿದವರಿಗೇ ದೊಡ್ಡ ಪಾಲನ್ನು ಉಚಿತವಾಗಿ ಕೊಟ್ಟರೆ, ದೋಣಿಯಲ್ಲಿ ದುಡಿದ ಕೂಲಿಯವರಿಗೆ ಏನೂ ದಕ್ಕುವುದಿಲ್ಲ, ಮುಂದಿನ ತಲೆಮಾರು ಆ ಹಕ್ಕನ್ನು ಹಣ ತೆತ್ತೇ ಕೊಳ್ಳಬೇಕಾಗುತ್ತದೆ.