‘ಕ್ರ್ಯಾಕ್’ ಪದದ ಹದಿನಾಲ್ಕು ಅರ್ಥಗಳನ್ನು ನೆನಪಿಟ್ಟುಕೊಳ್ಳಲು ನಿಘಂಟು ಒಳ್ಳೆಯದೋ, ಆ್ಯಪ್ ಒಳ್ಳೆಯದೋ?

ಎರಡೂ ಬೇಡ. ನೀವು ಹದಿನಾಲ್ಕು ಅರ್ಥಗಳ ಪಟ್ಟಿ ಮಾಡಿದ್ದೀರಿ. ನಾನು ಒಂದೇ ಒಂದು ಅರ್ಥವನ್ನು ಗಟ್ಟಿಯಾಗಿ ಕಲಿತಿದ್ದೆ, ಅದರಿಂದ 36 ಕಿಲೋ ಕಾಫಿ ಕರಕಾಯಿತು.

2019ರ ಮಳೆಗಾಲ. ಕೊಡಗಿನ ಸಿದ್ದಾಪುರದ ಬಳಿ ಕಾಫಿ ಹುರಿಯುವ ಸಣ್ಣ ಘಟಕವೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಆ ದಿನ ಮಾಲೀಕರು ಊರಿನಲ್ಲಿರಲಿಲ್ಲ, ಯಂತ್ರದ ಉಷ್ಣಮಾಪಕ ಕೆಟ್ಟಿತ್ತು. ಗಿರಾಕಿಯೊಬ್ಬರು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ್ದ ಸೂಚನೆ ಒಂದೇ ಸಾಲಿನದು: ಫಸ್ಟ್ ಕ್ರ್ಯಾಕ್ ಮುಗಿದ ಒಂದು ನಿಮಿಷಕ್ಕೆ ಬೀಜ ಇಳಿಸಿ.

ಕ್ರ್ಯಾಕ್ ಎಂದರೆ ಬಿರುಕು. ನನಗೆ ಸಂಶಯವೇ ಬರಲಿಲ್ಲ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಬೆಟ್ಟಗಳು ಜರಿದ ಮೇಲೆ ಆ ಪದವನ್ನು ನಾವು ಬೇರೆ ಅರ್ಥದಲ್ಲಿ ಕೇಳಿದ್ದೇ ಇಲ್ಲ. ರಸ್ತೆಯಲ್ಲಿ ಕ್ರ್ಯಾಕ್, ಗೋಡೆಯಲ್ಲಿ ಕ್ರ್ಯಾಕ್, ತೋಟದಲ್ಲಿ ಕ್ರ್ಯಾಕ್. ಬೆಳಗ್ಗೆ ಎದ್ದರೆ ಮನೆಯ ಹಿಂದಿನ ಬರೆಯಲ್ಲಿ, ಅಂದರೆ ಗುಡ್ಡದ ಕಡಿದಾದ ಮಗ್ಗುಲಿನಲ್ಲಿ, ಹೊಸ ಬಿರುಕು ಬಿಟ್ಟಿದೆಯೇ ಎಂದು ನೋಡಿ ಬರುವುದೇ ಮೊದಲ ಕೆಲಸವಾಗಿತ್ತು. ಹಾಗಾಗಿ ಬಿರುಕನ್ನು ಕಣ್ಣಿನಿಂದಲೇ ಹುಡುಕಿದೆ.

ತಪ್ಪು ನಡೆದದ್ದು ಇಲ್ಲಿಯೇ. ಅದನ್ನು ಬಿಡಿಸಿ ಹೇಳಬೇಕು. ಅರ್ಧ ನಿಮಿಷಕ್ಕೊಮ್ಮೆ ಮಾದರಿ ಸೌಟನ್ನು ಎಳೆದು ಬೀಜಗಳನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಕಾಫಿ ಬೀಜದ ಚಪ್ಪಟೆ ಮಗ್ಗುಲಿನಲ್ಲಿ ಮೊದಲಿನಿಂದಲೂ ಒಂದು ಸೀಳುಗೆರೆ ಇರುತ್ತದೆ. ಆ ಗೆರೆ ಅಗಲವಾಗಬೇಕೋ, ಬೆನ್ನಿನ ಮೇಲೆ ಹೊಸದೊಂದು ಬಿರುಕು ಮೂಡಬೇಕೋ? ಬೆನ್ನಿನದೇ ಇರಬೇಕೆಂದು ತೀರ್ಮಾನಿಸಿ ಕಾದೆ. ನಡುವೆ ಡ್ರಮ್ಮಿನೊಳಗಿಂದ ಚಟಚಟ ಸದ್ದು ಬಂದಿತು. ಕಿವಿಗೆ ಬಿದ್ದಿತು, ಸುಳ್ಳು ಹೇಳುವುದಿಲ್ಲ. ಆದರೆ ಕೈಯಲ್ಲಿದ್ದ ಸೂಚನೆಗೂ ಆ ಸದ್ದಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ತಗಡಿನ ಚಾವಣಿಯ ಮೇಲೆ ಮಳೆ ಬಡಿಯುತ್ತಿತ್ತು, ಸದ್ದು ಯಾವಾಗ ನಿಂತಿತೋ ತಿಳಿಯಲೇ ಇಲ್ಲ. ಬೀಜದ ಬೆನ್ನಿನಿಂದ ಚಕ್ಕೆ ಏಳುವ ಹೊತ್ತಿಗೆ ಅದು ಕಪ್ಪಾಗಿ, ಮೈಯೆಲ್ಲ ಎಣ್ಣೆ ಒಸರಿತ್ತು. ಆಗ ಇಳಿಸಿದೆ. ಬಣ್ಣ ನೋಡಿ ಅಳುಕಾಯಿತು ನಿಜ, ಆದರೆ ನಿಘಂಟು ನನ್ನ ಕಡೆಗಿತ್ತು. ಹನ್ನೆರಡು ಕಿಲೋದಂತೆ ಇನ್ನೂ ಎರಡು ಸಲ ಹಾಗೆಯೇ ಹುರಿದೆ.

ರಾತ್ರಿ ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಇಷ್ಟೇ: ‘ಚಟಚಟ ಎಂದಾಗಲೇ ಏಕೆ ಇಳಿಸಲಿಲ್ಲ?’

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮನೆಯ ಕಾಫಿಯನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದೇ ಅವರಿಗೆ ಅಭ್ಯಾಸ. ಮೊದಲು ದಪ್ಪನೆಯ ಚಟಚಟ, ಆಮೇಲೆ ಸ್ವಲ್ಪ ಮೌನ, ಆಮೇಲೆ ಸಣ್ಣಗೆ ಚಿಟಿಚಿಟಿ. ಮೊದಲನೆಯದು ಫಸ್ಟ್ ಕ್ರ್ಯಾಕ್: 196 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೀಜದೊಳಗಿನ ಆವಿಯ ಒತ್ತಡ ತಡೆಯಲಾರದೆ ಅದು ಜೋಳದ ಅರಳಿನಂತೆ ಸಿಡಿಯುತ್ತದೆ. 224ರ ಸುಮಾರಿಗೆ ಕೇಳುವುದು ಸೆಕೆಂಡ್ ಕ್ರ್ಯಾಕ್. ನಾನು ಅದನ್ನೂ ದಾಟಿಸಿದ್ದೆ. ಹುಟ್ಟಿದಾಗಿನಿಂದ ಅಡುಗೆಮನೆಯಲ್ಲಿ ಕೇಳುತ್ತಾ ಬಂದ ಸದ್ದು ಅದು. ಎರಡು ತಿಂಗಳ ಸಂಬಳ ಹೋಯಿತು, ಆ ಗಿರಾಕಿ ಮತ್ತೆ ಬರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅವು ಹದಿನಾಲ್ಕು ಅರ್ಥಗಳಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಕಲಿತೆವಲ್ಲ, ಇದು ಸದ್ದನ್ನೇ ಅನುಕರಿಸುವ ಆ ಜಾತಿಯ ಪದ. ಹಳೆಯ ಇಂಗ್ಲಿಷಿನ ‘ಕ್ರಾಕಿಯನ್’ ಎಂದರೆ ಸದ್ದು ಮಾಡು ಎಂದೇ ಅರ್ಥ, ಬಿರುಕು ಬಂದದ್ದು ಆಮೇಲೆ. ಚಾಟಿ, ಬೆರಳ ಗೆಣ್ಣು, ಒಡೆಯುವ ಕಾಯಿ ಎಲ್ಲದರಲ್ಲೂ ಸದ್ದೇ ಇದೆ. ಕಾಯಿ ಒಡೆದಂತೆ ಗೂಢಲಿಪಿಯನ್ನು ಒಡೆದರು, ನಮ್ಮ ಹುಡುಗರು ಪರೀಕ್ಷೆಯನ್ನು ಒಡೆದರು. ಕ್ರ್ಯಾಕ್ ಎಂಬ ಮಾದಕವಸ್ತುವಿಗೆ ಆ ಹೆಸರು ಬಂದದ್ದೂ ಕಾಯಿಸಿದಾಗ ಅದು ಚಟಪಟ ಎನ್ನುವುದರಿಂದ. ಜೋರು ಮಾತಿಗೂ, ಬಡಾಯಿಗೂ ಅದೇ ಪದ ಬಳಕೆಯಾಯಿತು. ಜೋಕ್ ‘ಕ್ರ್ಯಾಕ್’ ಮಾಡುವುದು ಎನ್ನುವುದೂ ಬಂದದ್ದು ಆ ದಾರಿಯಿಂದ. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿ ತಪ್ಪದೆ ಗುಂಡು ಹೊಡೆಯುವವರನ್ನು ಇಂಗ್ಲಿಷಿನವರು ‘ಕ್ರ್ಯಾಕ್ ಶಾಟ್’ ಎನ್ನುತ್ತಾರೆ. ಬಂದೂಕಿನ ಸದ್ದಿನಿಂದ ಬಂದ ಹೆಸರು ಎಂದು ಬಹಳ ಕಾಲ ನಂಬಿದ್ದೆ. ಅಲ್ಲ, ಅದೂ ಬಹುಶಃ ಬಡಾಯಿಯ ಕವಲೇ: ಹೊಗಳಿ ಹೊಗಳಿ ‘ಶ್ರೇಷ್ಠ’ ಎಂಬ ಅರ್ಥ ಕೂಡಿಬಂದಿರಬೇಕು. ಕನ್ನಡವೂ ಇಂಥದ್ದನ್ನು ಮಾಡುತ್ತದೆ. ‘ಪಟ್’ ಎಂಬ ಸದ್ದು ‘ಪಟ್ಟನೆ ಎದ್ದ’ ಎನ್ನುವಾಗ ವೇಗವಾಗುವುದಿಲ್ಲವೇ?

ಪಟ್ಟಿಯಲ್ಲಿ ನೀವು ‘ಬಿರುಕು’ ಎಂದು ಮೊದಲ ಸಾಲಿನಲ್ಲಿ ಬರೆದಿದ್ದೀರಿ. ಅದನ್ನು ಕೆಳಕ್ಕೆ ಇಳಿಸಿ, ಮೇಲೆ ‘ಚಟ್’ ಎಂದು ಬರೆಯಿರಿ. ಸಾಧ್ಯವಾದರೆ ಒಂದು ಹಿಡಿ ಹಸಿ ಕಾಫಿ ಬೀಜ ತಂದು ಬಾಣಲೆಗೆ ಹಾಕಿ, ಪಕ್ಕದಲ್ಲೇ ನಿಂತು ಕೇಳಿ. ಮಳೆ ಇಲ್ಲದ ದಿನ ನೋಡಿ ಹುರಿಯಿರಿ.