20 ಜೇನು ಪೆಟ್ಟಿಗೆ ಒಟ್ಟಿಗೆ ತರಬೇಡಿ ಸರ್

ಮೇ ಕೊನೆಗೆ 20 ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣ) ಕುಟುಂಬ ತರುತ್ತೇನೆ, ಪೆಟ್ಟಿಗೆಗೆ 10 ಕಿಲೋ ಜೇನುತುಪ್ಪ, ಕಿಲೋಗೆ 600, ವರ್ಷಕ್ಕೆ 1,20,000 ಅಂತ ಬರೆದಿದ್ದೀರಿ. ಸ್ವಲ್ಪ ತಡೆಯಿರಿ ಸರ್. ಇದೇ ಲೆಕ್ಕ ನಂಬಿ ನಾನು ಸುಳ್ಯದ ನಮ್ಮ ತೋಟಕ್ಕೆ 15 ತಂದಿದ್ದೆ, ಅದೂ ಮೇ ಕೊನೆಗೇ. ಆಗಸ್ಟ್‌ಗೆ ಉಳಿದದ್ದು 4.

ಮಾರಿದವರು ಸಂಸಾರ ಕೋಣೆಯ (ಮೊಟ್ಟೆ, ಮರಿ ಇರುವ ಕೆಳಗಿನ ಕೋಣೆ) ಜೇನುತುಪ್ಪವನ್ನೂ ತೆಗೆದೇ ಕೊಟ್ಟಿದ್ದರು. ನಾನು ನೋಡಲಿಲ್ಲ. ಮಳೆ ಹಿಡಿದ ಮೇಲೆ ಹೂವೂ ಇಲ್ಲ, ನೊಣಕ್ಕೆ ಹೊರಗೆ ಹೋಗಲೂ ಆಗುವುದಿಲ್ಲ. ಒಂದು ದಿನ ಮುಚ್ಚಳ ತೆಗೆದರೆ ಎರಿ (ನೊಣ ಮೇಣದಿಂದ ಕಟ್ಟುವ ಹಲ್ಲೆ) ತುಂಬಾ ಮೇಣ ತಿನ್ನುವ ಹುಳದ ಬಲೆ, ಅಡಿಹಲಗೆ ಮೇಲೆ ಕಪ್ಪು ಹಿಕ್ಕೆ, ಮೂಲೆಯಲ್ಲಿ ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ ನೊಣ. ರಾಣಿ ಇಲ್ಲ.

ಮೊದಲ ವರ್ಷ 2-3 ಸಾಕು. ನವೆಂಬರ್‌ನಲ್ಲಿ ತನ್ನಿ, ಹತ್ತಿರದ ಊರಿಂದಲೇ ತನ್ನಿ. ದೂರದಿಂದ ತಂದರೆ ರೋಗವೂ ಜೊತೆಗೆ ಬರಬಹುದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ, ನೊಣದ ಮರಿ ಸಾಯಿಸುವ ವೈರಸ್ ರೋಗಕ್ಕೆ ದಕ್ಷಿಣದ ತುಡುವೆ ಹೇಗೆ ಖಾಲಿಯಾಯಿತು ಅಂತ ಹಳಬರನ್ನು ಕೇಳಿ.

ಮಳೆಗಾಲಕ್ಕೆ ಸಕ್ಕರೆ ಪಾಕ ಬೇಕೇ ಬೇಕು. ನಾನು ಸಮ ಸಮ ನೀರು ಹಾಕಿ ಕುದಿಸಿ, ಪೂರ್ತಿ ಆರಿಸಿ, ಗೆರಟೆಯಲ್ಲಿ ಮೇಲಿನ ಕೋಣೆಯೊಳಗೆ ಇಡುತ್ತೇನೆ. ನೊಣ ಮುಳುಗದಂತೆ ಅಡಿಕೆ ಹಾಳೆಯ ಚೂರು ಹಾಕಬೇಕು. ಸಂಜೆಯೇ ಇಡಿ. ಹೊರಗೆ ಒಂದು ಹನಿ ಚೆಲ್ಲಿದರೂ ಪಕ್ಕದ ಪೆಟ್ಟಿಗೆಯವು ಬಂದು ದೋಚುತ್ತವೆ. ಪೆಟ್ಟಿಗೆಗೆ ವಾರಕ್ಕೆ ಕಾಲು ಕಿಲೋ ಸಕ್ಕರೆ, ನಾಲ್ಕು ತಿಂಗಳಿಗೆ 4 ಕಿಲೋ. ಇದನ್ನು ನಿಮ್ಮ ಖರ್ಚಿನಲ್ಲಿ ಬರೆದೇ ಇಲ್ಲ ಅಲ್ವಾ? ನೊಣ ಕೂತಿರದ ಖಾಲಿ ಎರಿಗಳನ್ನು ತೆಗೆದುಬಿಡಿ, ಮೇಣದ ಹುಳ ಅಲ್ಲೇ ಶುರು. ಸ್ಟ್ಯಾಂಡ್ ಕಾಲಿಗೆ ನೀರಿನ ಬಟ್ಟಲು ಇಡಿ, ಇರುವೆ ಹತ್ತುವುದಿಲ್ಲ. ಆದರೆ ಹುಲ್ಲು ತಾಗಿದರೆ ಎಲ್ಲ ಸುಮ್ನೆ.

ನನಗೆ ಒಳ್ಳೆಯ ವರ್ಷ ಪೆಟ್ಟಿಗೆಗೆ 6-7 ಕಿಲೋ ಸಿಗುತ್ತದೆ, ಕೆಟ್ಟ ವರ್ಷ 2. ಕೈಗೆ ಜಾಸ್ತಿ ದುಡ್ಡು ಬರುವುದು ಡಿಸೆಂಬರ್‌ನಲ್ಲಿ ಪಾಲು ಮಾಡಿ (ಒಂದು ಕುಟುಂಬವನ್ನು ಎರಡಾಗಿಸಿ) ಕುಟುಂಬ ಮಾರಿದ್ದರಿಂದ. ಅದಕ್ಕೆ ಮಳೆಗಾಲದಲ್ಲಿ ನೊಣ ಉಳಿದಿರಬೇಕು.

ನೊಣ ಮೇಣದ ಮುಚ್ಚಳ ಕಟ್ಟದ ಎರಿಯನ್ನು ಜೇನು ತೆಗೆಯುವ ಯಂತ್ರಕ್ಕೆ ಹಾಕಬೇಡಿ. ನೀರಿನಂಶ 20 ಶೇಕಡಾ ದಾಟಿದರೆ ಬಾಟಲಿಯಲ್ಲೇ ಹುಳಿ ಬರುತ್ತದೆ. ಯಂತ್ರ ಸ್ಟೀಲಿನದ್ದೇ ತಗೊಳ್ಳಿ, ಅಗ್ಗ ಅಂತ ತಗಡಿನದ್ದು ಬೇಡ. ರಬ್ಬರ್ ಮರದಿಂದ ಬಂದ ಜೇನು ಬೇಗ ಗಟ್ಟಿಯಾಗುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಸಕ್ಕರೆ ಬೆರೆಸಿದ್ದೀರಿ ಅಂತಾರೆ.

ಕುಟುಂಬ ನೋಡಲು ಹೋದಾಗ ಬಿಸಿಲಿಗೆ ಎರಿ ಎತ್ತಿ ಹಿಡಿದು ನೋಡಿ. ಎರಿಯ ಕಣಕ್ಕೊಂದರಂತೆ ಮೊಟ್ಟೆ ಕಂಡರೆ ರಾಣಿ ಇದೆ. ಮೊಟ್ಟೆ ಕಾಣದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ.